ಒಮ್ಮತದ ಠರಾವು

ಧಮ್ಮಶೀಲಾ ಏನು ಕೆಲಸ ಮಾಡುತ್ತಾಳೆ ಎಂದು ತಾಂಡೂರಿನಲ್ಲಿ ಯಾರನ್ನಾದರೂ ಕೇಳಿ, “ಈಶಪ್ಪನವರ ಫರ್ಶಿ ಕಂಪನ್ಯಾಗ ಕ್ಲರ್ಕ್ ಅದಾಳ” ಎನ್ನುತ್ತಾರೆ. ಕ್ಲರ್ಕಂತೆ ಕ್ಲರ್ಕು! ಕಾಗದದ ಕೆಲಸಕ್ಕೆ ದಿನಕ್ಕೆ ಒಂದು ತಾಸು ಸಾಕಾಗುತ್ತಿತ್ತು. ಉಳಿದ ಹೊತ್ತೆಲ್ಲ ಅವಳು ನಡೆಯುತ್ತಿದ್ದಳು. ದೊಡ್ಡ ಸಾಹುಕಾರನ ಖೋಲಿಯಿಂದ ಸಣ್ಣ ಸಾಹುಕಾರನ ಖೋಲಿಗೆ ಹನ್ನೆರಡು ಹೆಜ್ಜೆ, ಅಲ್ಲಿಂದ ಇಲ್ಲಿಗೆ ಮತ್ತೆ ಹನ್ನೆರಡು. ನಡುವಿನ ಪಡಸಾಲೆಯಲ್ಲಿ ಅವಳ ಮೇಜು. ಅಣ್ಣನ ಮಾತನ್ನು ತಮ್ಮನಿಗೆ, ತಮ್ಮನ ಮಾತನ್ನು ಅಣ್ಣನಿಗೆ ಆರು ವರ್ಷ ಹೊತ್ತಳು. ಏಕೆಂದರೆ ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಆ ಇಬ್ಬರು ಮಾಲೀಕರು ಮಾತು ಬಿಟ್ಟಿದ್ದರು.

ಇದರಲ್ಲಿ ಮೊದಲ ತಪ್ಪು ಈಶಪ್ಪನವರದು. ಸತ್ತವರ ಮೇಲೆ ಹೇಳಬಾರದು, ಆದರೂ ಹೇಳದೆ ವಿಧಿಯಿಲ್ಲ. ಖದಾನಿನಲ್ಲಿ, ಅಂದರೆ ಕಲ್ಲಿನ ಗಣಿಯಲ್ಲಿ, ಸುತ್ತಿಗೆ ಹಿಡಿದು ಮೇಲೆ ಬಂದ ಮನುಷ್ಯ. ಬಶೀರಾಬಾದ್ ದಾರಿಗೆ ನೆಲಕ್ಕೆ ಹಾಸುವ ಫರ್ಶಿ ಕಲ್ಲು ಪಾಲಿಶ್ ಮಾಡುವ ಶೆಡ್ಡು ಹಾಕಿದರು, ಗಣಿ ಶೆಡ್ಡು ಎರಡನ್ನೂ ಸೇರಿಸಿ ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿದರು. ಹಿರಿಯ ಮಗ ದೇವಿದಾಸ, ಕಿರಿಯವ ಅಂಬರೀಶ. ಇಬ್ಬರಿಗೂ ಶೇರು ಸರಿಸಮ ಅರ್ಧ ಅರ್ಧ, ಇಬ್ಬರೇ ಡೈರೆಕ್ಟರು. ಇಬ್ಬರ ಮನಸ್ಸು ಕೂಡದ ದಿನ ಹಿರಿಯನಿಗೆ ಒಂದು ಓಟು ಹೆಚ್ಚಿರಲಿ ಎಂದು ವಕೀಲರು ಒಂದು ಸಾಲು ಬರೆದಿದ್ದರು. ಈಶಪ್ಪ ಎದುರಿಗೆ ಕೂತು ಆ ಸಾಲನ್ನು ಹೊಡೆದು ಹಾಕಿಸಿದರು.

“ಒಬ್ಬಗ ಎರಡು ಓಟು, ಒಬ್ಬಗ ಒಂದಾ? ಒಂದ ತಾಟಿನ್ಯಾಗ ಉಂಡ ಮಕ್ಕಳ್ರೀ ಅವು!”

ಹೊಲ ಹಂಚಿದ ಹಾಗೆ ಕಂಪನಿ ಹಂಚಿದರು ಮಹಾರಾಯರು. ಹೊಲವಾದರೆ ನಡುವೆ ಬದು ಹಾಕಿ ಅತ್ತ ನಿನ್ನದು, ಇತ್ತ ನನ್ನದು ಎನ್ನಬಹುದು. ಕಂಪನಿಗೆ ಬದು ಎಲ್ಲಿ ಹಾಕುತ್ತೀರಿ? ಒಬ್ಬ ಹೂಂ ಎಂದು ಇನ್ನೊಬ್ಬ ಊಹೂಂ ಎಂದರೆ ಅಲ್ಲಿಗೆ ಎಲ್ಲ ನಿಂತಿತು. ಒಬ್ಬ ಬಾರದಿದ್ದರೆ ಮೀಟಿಂಗೇ ಇಲ್ಲ. ಹುಟ್ಟುತ್ತ ಅಣ್ಣತಮ್ಮಂದಿರು, ಬೆಳೆಯುತ್ತ ದಾಯಾದಿಗಳು ಎಂಬ ಗಾದೆ ಈಶಪ್ಪನವರಿಗೂ ಗೊತ್ತಿತ್ತು. ಅದು ಬೇರೆಯವರ ಮಕ್ಕಳಿಗೆ ಎಂದುಕೊಂಡಿದ್ದರು.

ಜಗಳ ಹುಟ್ಟಿದ್ದೂ ಅವರ ಸಮಾಧಿಯ ಮೇಲೆಯೇ. ವರ್ಷದ ಪುಣ್ಯತಿಥಿಗೆ ಸಮಾಧಿಯ ಮೇಲೆ ಕೂರಿಸಲೆಂದು ದೇವಿದಾಸ ತಾನೇ ಒಂದು ನೀಲಿ ಫರ್ಶಿ ಆರಿಸಿ ಹೆಸರು ಕೆತ್ತಿಸಿದ. ಮೇಲೆ ಅಪ್ಪನ ಹೆಸರು, ಕೆಳಗೆ ಮಕ್ಕಳದು. ‘ದೇವಿದಾಸ’ ಎಂಬುದು ಅಂಗೈಯಗಲದ ಅಕ್ಷರದಲ್ಲಿ ಮೂಡಿತು. ಅದರ ಕೆಳಗೆ ಕಲ್ಲಿನಲ್ಲಿ ಒಂದು ನರ ಹಾದಿತ್ತು. ನರದ ಮೇಲೆ ಉಳಿ ಇಟ್ಟರೆ ಕಲ್ಲು ಎರಡಾಗುತ್ತದೆ, ಇದು ತಾಂಡೂರಿನ ಮಕ್ಕಳಿಗೂ ಗೊತ್ತು. ಹಾಗಾಗಿ ‘ಅಂಬರೀಶ’ ಮೂಲೆಯಲ್ಲಿ ಮುದುಡಿ ಕೂತ. ಬೀಗರು, ನೆಂಟರು, ಕೂಲಿಯವರು ಎಲ್ಲರೂ ನೆರೆದಿದ್ದ ಹೊತ್ತಿನಲ್ಲಿ ಅಂಬರೀಶ ಕೇಳಿದ, “ಅಪ್ಪನ ಕಲ್ಲಿನ್ಯಾಗ ನನಗ ಇಷ್ಟ ಜಾಗಾ ಏನಣ್ಣಾ?” ದೇವಿದಾಸನಿಗೆ ಬಿಸಿಲು ತಲೆಗೇರಿತ್ತು. “ಕಲ್ಲಿಗಿ ಕೇಳು” ಎಂದುಬಿಟ್ಟ. ಅದೇ ಕೊನೆ. ಮರುದಿನದಿಂದ ಅಣ್ಣ ಒಂದು ಖೋಲಿ, ತಮ್ಮ ಒಂದು ಖೋಲಿ.

ಧಮ್ಮಶೀಲಾ ಅಲ್ಲಿಗೆ ಬಂದು ಆಗಲೇ ಹದಿನಾರು ವರ್ಷವಾಗಿತ್ತು. ಅವಳ ಅಪ್ಪ ರಾಮುಲು ಇದೇ ಖದಾನಿನಲ್ಲಿ ಕಲ್ಲು ಒಡೆದವನು, ಎರಡು ಬೆರಳು ಅಲ್ಲೇ ಬಿಟ್ಟವನು. ಮಗಳು ಬಿ.ಕಾಂ. ಮುಗಿಸಿದಾಗ ಈಶಪ್ಪನವರೇ ಕರೆದು ಕುರ್ಚಿ ಕೊಟ್ಟರು. ಊರ ಹೊರಗಿನ ಕೇರಿಯಿಂದ ಬಂದು ಆ ಕಂಪನಿಯಲ್ಲಿ ಕುರ್ಚಿಯ ಮೇಲೆ ಕೂತವಳು ಇವಳೇ ಮೊದಲು. ಕುರ್ಚಿ ಕೊಟ್ಟರು ಸರಿ, ಅವಳ ಚಹಾದ ಗ್ಲಾಸು ಮಾತ್ರ ಬಹಳ ವರ್ಷ ಕಿಟಕಿಯ ಮೇಲೆ ಬೇರೆಯಾಗಿಯೇ ಕೂತಿರುತ್ತಿತ್ತು. ಅಣ್ಣತಮ್ಮ ಮಾತು ಬಿಟ್ಟ ಮೇಲೆ ಎರಡೂ ಖೋಲಿಗಳಲ್ಲಿ ಅವಳಿಗೆ ಪಿಂಗಾಣಿ ಕಪ್ಪಿನಲ್ಲಿ ಚಹಾ ಬರತೊಡಗಿತು. “ನೀ ಮನಿ ಮಗಳಿದ್ದಂಗ” ಎಂದ ದೇವಿದಾಸ. “ನೀ ಇಲ್ಲದಿದ್ರ ಈ ಕಂಪನಿ ನಡೀತದೇನು?” ಎಂದ ಅಂಬರೀಶ. ಹಾಗೆ ಅನ್ನಿಸಿಕೊಳ್ಳಲು ಯಾರಿಗೆ ಬೇಡ ಹೇಳಿ.

ಅವಳು ಮಾತು ಹೊರುವ ರೀತಿ ಬೇರೆಯೇ ಇತ್ತು. ಪಡಸಾಲೆಯ ಹಿಂದೆಯೇ ಪಾಲಿಶ್ ಮಶೀನುಗಳು ಮುಂಜಾನೆಯಿಂದ ಸಂಜೆತನಕ ಗರ್ರೆಂದು ತಿರುಗುತ್ತಿದ್ದವು. ಆ ಸದ್ದಿನಲ್ಲಿ ಪಕ್ಕದ ಖೋಲಿಯಲ್ಲಿ ಸಿಡಿಲು ಬಡಿದರೂ ಕೇಳುತ್ತಿರಲಿಲ್ಲ. ದೇವಿದಾಸ ಗಂಟಲು ಹರಿಯುವಂತೆ, “ಅವಗ ಹೇಳು, ಅಪ್ಪನ ಮ್ಯಾಲಿನ ಶಾಲು ಸೈತ ಮಾರಿ ತಿನ್ನೋ ಜಾತಿ ಅಂವ!” ಎನ್ನುತ್ತಿದ್ದ. ಧಮ್ಮಶೀಲಾ ಹೂಂ ಎಂದು ಹೊರಡುವಳು. ಏಳನೆಯ ಹೆಜ್ಜೆಗೆ ಮಾತು ಬದಲಾಗಿರುತ್ತಿತ್ತು. “ಅಣ್ಣಾರು ಅಂತಾರ್ರಿ, ಅಪ್ಪಾರ ಕಾಲದ ಮಶೀನು ಈಗ ಮಾರೋದು ಬ್ಯಾಡಂತ.” ಆ ಕಡೆಯಿಂದ, “ಆ ಮುದಿ ಗೂಬಿಗಿ ವ್ಯವಹಾರ ಏನ್ ತಿಳೀತದ!” ಎಂಬುದು ಬಂದರೆ ಇಲ್ಲಿ ಮುಟ್ಟುವಾಗ, “ಸಣ್ಣವ್ರು ಜರಾ ವಿಚಾರ ಮಾಡ್ರಿ ಅಂದಾರ್ರಿ” ಎಂದಾಗಿರುತ್ತಿತ್ತು. ಹೀಗೆ ಇಬ್ಬರ ಸಹಿಯೂ ಬೀಳುತ್ತಿತ್ತು, ಕಂಪನಿ ಕುಂಟುತ್ತ ನಡೆಯುತ್ತಿತ್ತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಆದರೆ ಒಂದು ಮಾತನ್ನು ಅವಳು ಬದಲಿಸಲಿಲ್ಲ, ನುಂಗಿದಳು. ಎರಡು ವರ್ಷದ ಹಿಂದೆ, ದೇವಿದಾಸನ ಮಗಳ ಮದುವೆ ಜಹೀರಾಬಾದಿನಲ್ಲಿ ಗೊತ್ತಾಗಿತ್ತು. ಲಗ್ನದ ಎರಡು ದಿನ ಮೊದಲು ಅಂಬರೀಶ ಅವಳನ್ನು ಕರೆದು ತಗ್ಗಿದ ದನಿಯಲ್ಲಿ ಹೇಳಿದ, “ಅಣ್ಣಗ ಹೇಳು. ಒಂದ ಸಲ ತಾನ ಬಂದು ಕರೀಲಿ. ನಾ ಬರ್ತೀನಿ.” ಅವಳು ಹನ್ನೆರಡು ಹೆಜ್ಜೆ ನಡೆದು ಹೋದಳು. ಒಳಗೆ ದೇವಿದಾಸ ಬೆಂಕಿಯಾಗಿ ಕೂತಿದ್ದ. “ಅಂವ ಮಂಟಪಕ್ಕ ಕಾಲಿಟ್ರ ಕಾಲ ಮುರೀತೀನಿ” ಎಂದು ಯಾರಿಗೋ ಫೋನಿನಲ್ಲಿ ಕೂಗುತ್ತಿದ್ದ. ಅವಳು ಅಂಜಿದಳು. ಈಗ ಇದನ್ನು ಹೇಳಿದರೆ ಬೀಗರ ಮುಂದೆಯೇ ಬಡಿದಾಡುತ್ತಾರೆ, ಮರುದಿನ ಖದಾನಿಗೆ ಕೀಲಿ ಬೀಳುತ್ತದೆ. “ಸಣ್ಣವ್ರು ಬರಂಗಿಲ್ಲಂತ್ರಿ” ಎಂದಳು. ವಾಪಸು ಹೋಗಿ, “ದೊಡ್ಡವ್ರಿಗಿ ಬಿ.ಪಿ. ಏರ್ಯಾದ್ರಿ, ಎದ್ದು ಬರಾಕ ಆಗಂಗಿಲ್ಲ ಅಂದ್ರು” ಎಂದಳು. ಅಂಬರೀಶ ತಲೆಯಾಡಿಸಿ ಕಂಪ್ಯೂಟರ್ ಕಡೆ ತಿರುಗಿದ. ಮದುವೆಗೆ ಹೋಗಲಿಲ್ಲ.

ಅಂಜಿದ್ದು ನಿಜ. ಇನ್ನೊಂದೂ ನಿಜ, ಅದನ್ನು ಅವಳು ತನಗೂ ಸರಿಯಾಗಿ ಹೇಳಿಕೊಂಡಿರಲಿಲ್ಲ. ಇವರಿಬ್ಬರೂ ಮಾತಾಡಿಬಿಟ್ಟರೆ ತನ್ನ ಹನ್ನೆರಡು ಹೆಜ್ಜೆ ಯಾರಿಗೆ ಬೇಕು? ಚಹಾ ಮತ್ತೆ ಕಿಟಕಿಯ ಮೇಲಿನ ಗ್ಲಾಸಿಗೆ ಹೋಗುತ್ತದೆಯೋ ಏನೋ. ಆ ಮಾತು ಅವಳ ಹೊಟ್ಟೆಯಲ್ಲಿ ಎರಡು ವರ್ಷ ಕಲ್ಲಾಗಿ ಕೂತಿತ್ತು.

ಈ ವರ್ಷ ಮಾರ್ಚಿನಲ್ಲಿ ಖದಾನಿನ ಲೀಸು ಮುಗಿಯುವುದಿತ್ತು. ಮುಂದುವರಿಸಲು ಅರ್ಜಿ, ಅರ್ಜಿಗೆ ಕಂಪನಿಯ ಠರಾವು, ಠರಾವಿಗೆ ಇಬ್ಬರ ಸಹಿ. ದೇವಿದಾಸ ಬೇಕೆಂದ. ಅಂಬರೀಶ ಬೇಡವೆಂದ. ಖದಾನು ಮುಚ್ಚಿ ಶೆಡ್ಡಿನ ಜಾಗವನ್ನು ಪ್ಲಾಟು ಮಾಡಬೇಕು ಎಂಬುದು ಅವನ ಹಟ. ಹಾಗಿದ್ದರೆ ನಿನ್ನ ಪಾಲು ನನಗೆ ಕೊಟ್ಟು ಹೋಗು ಎಂದು ಅಣ್ಣ, ನೀನೇ ಕೊಟ್ಟು ಹೋಗು ಎಂದು ತಮ್ಮ. ಮೂರು ಸಲ ಮೀಟಿಂಗು ಕರೆದರು, ಮೂರು ಸಲವೂ ಒಬ್ಬರಲ್ಲ ಒಬ್ಬರು ಬರಲಿಲ್ಲ. ಧಮ್ಮಶೀಲಾ ಮಾತಿಗೆ ಎಷ್ಟು ಬೆಲ್ಲ ಸವರಿದರೂ ಈ ಸಲ ಉಪಯೋಗಕ್ಕೆ ಬರಲಿಲ್ಲ. ಕಲ್ಲು ಸಾಗಿಸುವ ಪರ್ಮಿಟು ನಿಂತಿತು, ಹೊಸ ಕಲ್ಲು ಬರುವುದು ನಿಂತಿತು, ನಾಲ್ಕು ದಿನದಿಂದ ಮಶೀನೂ ನಿಂತಿದ್ದವು. ಮೂವತ್ತನಾಲ್ಕು ಜನ ಕೆಲಸದವರು ಬೇವಿನ ಮರದ ಕೆಳಗೆ ಕೂತು ಖೋಲಿಗಳ ಬಾಗಿಲು ನೋಡತೊಡಗಿದರು.

ಕೊನೆಯ ದಿನ ಗುರುವಾರ. ಸಂಜೆ ಐದರೊಳಗೆ ಕಾಗದ ಆನ್‌ಲೈನಿನಲ್ಲಿ ಹೋಗದಿದ್ದರೆ ಲೀಸು ಹೋದಂತೆ. ವಕೀಲರು ಏನು ಬೆದರಿಸಿದರೋ, ನಾಲ್ಕು ದಿನ ಸುಳಿಯದಿದ್ದ ಇಬ್ಬರೂ ಅವತ್ತು ಬಂದರು, ತಂತಮ್ಮ ಖೋಲಿ ಹೊಕ್ಕರು. ಮೇಸ್ತ್ರಿ ಸಾಯಪ್ಪ ಪಡಸಾಲೆಯ ಮೆಟ್ಟಿಲ ತನಕ ಬಂದು ಕೇಳಿದ, “ಅಕ್ಕಾ, ಇವತ್ತಾರ ಆಗ್ತದೇನ? ಹೆಣ್ಮಕ್ಕಳು ಕೊಡಂಗಲ್ ಕಡಿ ಕೂಲಿಗಿ ಹೋಗ್ತೀವಿ ಅಂತ ಎದ್ದಾರ.”

“ಆಗ್ತದ, ಕೂಡ್ರಿ” ಎಂದಳು.

ಬೆಳಗಿನಿಂದ ಏನೋ ಸರಿಯಿಲ್ಲ ಎಂದು ಅವಳಿಗೆ ಅನ್ನಿಸುತ್ತಲೇ ಇತ್ತು. ತನ್ನ ಚಪ್ಪಲಿಯ ಸದ್ದು ತನಗೇ ಕೇಳುತ್ತಿತ್ತು. ಗೋಡೆಯ ಗಡಿಯಾರಕ್ಕೆ ಟಿಕ್ ಟಿಕ್ ಎಂಬ ಸದ್ದು ಇದೆ ಎಂಬುದು ಇಷ್ಟು ವರ್ಷದಲ್ಲಿ ಈ ವಾರವೇ ಗೊತ್ತಾಗಿತ್ತು. ಆದರೂ ಅದರ ಅರ್ಥ ತಲೆಗೆ ಹೋಗಲಿಲ್ಲ. ಆರು ವರ್ಷದ ರೂಢಿ, ಬುದ್ಧಿಯನ್ನು ಮಂಕು ಮಾಡಿಬಿಡುತ್ತದೆ.

ಮಧ್ಯಾಹ್ನ ಎರಡೂ ಮುಕ್ಕಾಲಿಗೆ ದೇವಿದಾಸ ಕರೆದ. ಮಶೀನಿನ ಸದ್ದಿನ ಮೇಲೆ ಕೂಗಿ ಕೂಗಿ ಬಂದ ದನಿ ಅವನದು, ಸಣ್ಣಗೆ ಮಾತಾಡುವುದೇ ಗೊತ್ತಿಲ್ಲ. “ಅವಗ ಕೇಳು, ಸಹಿ ಮಾಡಾಕ ಬಂದಾನೋ, ಅಪ್ಪನ ಸಮಾಧಿನೂ ಪ್ಲಾಟ್ ಮಾಡಿ ಮಾರಾಕ ಬಂದಾನೋ ಅಂತ. ನಾಚಿಕಿ ಇಲ್ಲದಾಂವ! ಹೇಳು, ಹಿಂಗ ಹೇಳು!”

ಧಮ್ಮಶೀಲಾ ನಡೆದಳು. ಏಳನೆಯ ಹೆಜ್ಜೆಗೆ ಮಾತು ಸಿದ್ಧವಾಯಿತು.

“ದೊಡ್ಡವ್ರು ಅಂತಾರ್ರಿ, ಇವತ್ತು ಸಹಿ ಆದ್ರ ಅಪ್ಪಾರ ಜೀವಕ್ಕ ಸಮಾಧಾನ ಆಗ್ತದಂತ. ನಿಮ್ಮ ಮ್ಯಾಲೆ ಭರೋಸಾ ಅದ ಅಂದ್ರು.”

ಅಂಬರೀಶ ಕಣ್ಣು ಮಿಟುಕಿಸದೆ ಅವಳನ್ನೇ ನೋಡಿದ. “ಹಂಗಂದಾನಾ?”

“ಹೌದ್ರಿ.”

“ಇನ್ನೊಮ್ಮೆ ಹೇಳು.”

ಹೇಳಲು ಬಾಯಿ ತೆರೆದಳು. ಹೊರಗೆ ಬೇವಿನ ಮರದ ಕೆಳಗೆ ಯಾರೋ ಕೆಮ್ಮಿದ್ದು ಸ್ಪಷ್ಟವಾಗಿ ಕೇಳಿಸಿತು. ಆಗ ಅವಳಿಗೆ ಹೊಳೆಯಿತು, ಮಶೀನು ನಿಂತಿವೆ. ಅಷ್ಟು ದೂರದ ಕೆಮ್ಮು ಇಲ್ಲಿ ಕೇಳಿದ ಮೇಲೆ ಹನ್ನೆರಡು ಹೆಜ್ಜೆಯಾಚೆಯ ಕೂಗು ಕೇಳದೆ ಇರುತ್ತದೆಯೇ?

“ಹಂಗಾದ್ರ ‘ನಾಚಿಕಿ ಇಲ್ಲದಾಂವ’ ಅಂದಿದ್ದು ಯಾರಿಗಿ? ನಿನಗೇನು?” ಎಂದು ಅಂಬರೀಶ ಎದ್ದ.

ಅವನು ಪಡಸಾಲೆಗೆ ಬಂದ. ಆರು ವರ್ಷದಲ್ಲಿ ಅಣ್ಣನ ಕಡೆ ಅವನು ಇಟ್ಟ ಮೊದಲ ಹೆಜ್ಜೆ ಅದು. ದೇವಿದಾಸ ತನ್ನ ಬಾಗಿಲಲ್ಲಿ ನಿಂತಿದ್ದ. ಅವನೂ ಕೇಳಿದ್ದ, ‘ಭರೋಸಾ ಅದ ಅಂದ್ರು’ ಎಂದದ್ದನ್ನು. ನಡುವೆ ಧಮ್ಮಶೀಲಾ, ತನ್ನ ಮೇಜಿಗೆ ಬೆನ್ನು ಹಚ್ಚಿ.

“ಎಷ್ಟು ವರ್ಷದಿಂದ ನಡ್ಯಾದ ಇದು?” ಅಂಬರೀಶ ಕೇಳಿದ. “ನಾ ಅಂದದ್ದೊಂದು, ಅಲ್ಲಿ ಮುಟ್ಟಿದ್ದೊಂದು?”

“ಬೈಗುಳಾ ತಗದು ಹೇಳೀನ್ರಿ. ಅಷ್ಟ.”

“ಅಷ್ಟ? ಮದಿವ್ಯಾಗ ಹೇಳಿ ಕಳಿಸಿದ್ದೆ. ಒಂದ ಸಲ ಬಂದು ಕರೀಲಿ, ಬರ್ತೀನಿ ಅಂತ. ಹೇಳಿದ್ಯಾ?”

ಸುಳ್ಳು ಹೇಳಬಹುದಿತ್ತು. ಹೇಳಿ ಹೇಳಿ ನಾಲಿಗೆ ಪಳಗಿತ್ತು. ಆದರೆ ಇಬ್ಬರೂ ಎದುರಿಗೇ ನಿಂತಿದ್ದರು, ಒಬ್ಬರಿಗೊಂದು ಇನ್ನೊಬ್ಬರಿಗೊಂದು ಹೇಳಲು ನಡುವೆ ಹೆಜ್ಜೆಗಳೇ ಇರಲಿಲ್ಲ.

“ಇಲ್ರಿ” ಎಂದಳು. “ಹೇಳಿದ್ರ ಬಡದಾಡ್ತಿದ್ರಿ. ನಾ ಅಂಜಿದೆ.”

ದೇವಿದಾಸ ಬಾಗಿಲ ಚೌಕಟ್ಟು ಹಿಡಿದುಕೊಂಡ. “ಬರಂಗಿಲ್ಲ ಅಂದಾನ ಅಂತ ಹೇಳಿದಿ ನನಗ” ಎಂದ. “ಅಕ್ಷತಿ ಬೀಳೋತನಾ ನನ್ನ ಬಾಜೂದ ಕುರ್ಚಿ ಖಾಲಿ ಇಟ್ಟಿದ್ದೆ. ಯಾರರ ಕೂಡಾಕ ಬಂದ್ರ ಎಬ್ಬಸ್ತಿದ್ದೆ.” ಅದನ್ನು ಅವನು ಯಾರಿಗೆ ಹೇಳಿದನೋ ಗೊತ್ತಿಲ್ಲ, ಕಣ್ಣು ಮಾತ್ರ ತಮ್ಮನ ಮೇಲಿತ್ತು. ಅಂಬರೀಶ ಮುಖ ತಿರುಗಿಸಿ ಮೂಗು ಒರೆಸಿಕೊಂಡ.

ದುಃಖ ಗಂಡಸರಿಗೆ ಎಷ್ಟು ಹೊತ್ತು ನಿಲ್ಲುತ್ತದೆ? ಸಿಟ್ಟಾಗಿ ತಿರುಗಿತು. ಇಬ್ಬರ ಸಿಟ್ಟಿಗೂ ಸಿಕ್ಕವಳು ಒಬ್ಬಳೇ.

“ಹೊರಗಿನಾಕಿ ಬಂದು ನಮ್ಮ ಮನಿ ಒಡದಾಳ” ಎಂದ ಅಂಬರೀಶ.

“ಅಪ್ಪ ಕುರ್ಚಿ ಕೊಟ್ಟಿದ್ದ ತಪ್ಪಾತು” ಎಂದ ದೇವಿದಾಸ.

“ತಗದು ಹಾಕು ಆಕಿನ್ನ.”

“ತಗದು ಹಾಕೂಣು. ಇವತ್ತ, ಈಗ.”

ಮನೆಯ ಮಗಳು ಎಂದಿದ್ದ ಬಾಯಿ ಅದು. ಧಮ್ಮಶೀಲಾಳ ಕಣ್ಣು ತುಂಬಿತು, ಇವರ ಮುಂದೆ ಅಳಬಾರದು ಎಂದು ತುಟಿ ಕಚ್ಚಿದಳು. ಆ ತುಂಬಿದ ಕಣ್ಣಿಗೇ ಒಂದು ಸಂಗತಿ ಕಂಡಿತು. ಇವರಿಬ್ಬರೂ ಒಬ್ಬರಿಗೊಬ್ಬರು ಉತ್ತರ ಕೊಡುತ್ತಿದ್ದಾರೆ. ಅವರಿಗೇ ಅದು ಗೊತ್ತಾಗಿಲ್ಲ. ಗಡಿಯಾರದಲ್ಲಿ ಮೂರು ಗಂಟೆ.

ಅವಳು ಕಣ್ಣೊರೆಸಿಕೊಂಡು ಕುರ್ಚಿ ಎಳೆದು ಕೂತಳು. ಮೀಟಿಂಗಿನ ದೊಡ್ಡ ಪುಸ್ತಕ ತೆರೆದಳು.

“ಹಂಗ ತಗ್ಯಾಕ ಬರಂಗಿಲ್ರಿ, ಠರಾವು ಆಗಬೇಕು. ಇಬ್ಬರೂ ಕೂಡ್ರಿ. ಏನ ಬರೀಲಿ ಹೇಳ್ರಿ.”

ಸಿಟ್ಟಿನಲ್ಲಿ ಇಬ್ಬರೂ ಅವಳ ಮೇಜಿನ ಎರಡು ಕಡೆ ಕೂತರು. ಅಂಬರೀಶ ಹೇಳಿದ, ದೇವಿದಾಸ ಸೇರಿಸಿದ, ಅವಳು ಬರೆದಳು. ‘ಠರಾವು ಒಂದು. ಇಬ್ಬರೂ ಡೈರೆಕ್ಟರುಗಳ ಮಾತನ್ನು ಆರು ವರ್ಷ ತಿರುಚಿ ಹೇಳಿ ನಂಬಿಕೆದ್ರೋಹ ಮಾಡಿದ ಕಾರಣ ಗುಮಾಸ್ತೆ ಧಮ್ಮಶೀಲಾಳನ್ನು ಈ ದಿನದಿಂದ ಕೆಲಸದಿಂದ ತೆಗೆಯಲಾಗಿದೆ. ಒಮ್ಮತದಿಂದ ಮಂಜೂರು.’ ಪುಸ್ತಕ ತಿರುಗಿಸಿ ಕೊಟ್ಟಳು. ಅಣ್ಣ ಸಹಿ ಹಾಕಿ ಪೆನ್ನು ಚಾಚಿದ, ತಮ್ಮ ಆ ಕೈಯಿಂದಲೇ ತೆಗೆದುಕೊಂಡ. ಮಧ್ಯಸ್ಥಿಕೆ ಇಲ್ಲದೆ ಆ ಕಂಪನಿಯಲ್ಲಿ ಆರು ವರ್ಷದ ಮೇಲೆ ಆದ ಮೊದಲ ಒಮ್ಮತ ಅದೇ.

ಅವಳು ಏಳಲಿಲ್ಲ. “ಮೀಟಿಂಗ್ ಇನ್ನಾ ಮುಗಿದಿಲ್ರಿ. ಮುಗಿಯೋತನಾ ನಾನ ಬರಿಬೇಕು. ಎರಡನೇದು, ಲೀಸು. ನಂದೇನೂ ಇಲ್ಲ, ನೀವ ಮಾತಾಡ್ಕೋರಿ.”

ಮಾತಾಡಿದರು. ಮಾತೇನು ಬಂತು, ಆರು ವರ್ಷ ಕಟ್ಟಿಟ್ಟ ಕೆರೆ ಒಡೆದಂತಾಯಿತು. ಸಮಾಧಿ ಕಲ್ಲಿನ ನರ ಬಂತು, ಅವ್ವನ ಬೆಂಡೋಲೆ ಬಂತು, ಚಿಕ್ಕಂದಿನಲ್ಲಿ ಕಾಗಿಣಾ ಹೊಳೆಯಲ್ಲಿ ಯಾರು ಯಾರನ್ನು ಮುಳುಗಿಸಿದರೆಂಬುದೂ ಬಂತು. ಧಮ್ಮಶೀಲಾ ನಡುವೆ ಬಾಯಿ ಹಾಕಲಿಲ್ಲ. ಗಡಿಯಾರ ಮಾತ್ರ ನೋಡುತ್ತಿದ್ದಳು. ಮೂರೂವರೆ. ನಾಲ್ಕು. ಹೊರಗೆ ಸಾಯಪ್ಪ ಮೆಟ್ಟಿಲ ಮೇಲೆ ಬಂದು ನಿಂತವನು ಅಲ್ಲೇ ಕೂತುಬಿಟ್ಟ.

“ಆತು, ಮೂರು ವರ್ಷ” ಎಂದ ಅಂಬರೀಶ ಕೊನೆಗೆ, ದಣಿದು. “ಲೀಸು ಮೂರು ವರ್ಷ ನಡೀಲಿ. ಆಮ್ಯಾಲ ಇಬ್ಬರಾಗ ಒಬ್ಬರು ಬಿಡೂಣು. ಶೇರಿನ ರೇಟು ನೀ ಹೇಳು. ಆ ರೇಟಿಗಿ ತಗೊಳ್ಳೋದೋ ಮಾರೋದೋ ನಾ ಆರಸ್ತೀನಿ.”

ದೇವಿದಾಸ ತಮ್ಮನ ಕಡೆ ತಿರುಗಿದ. “ಹೊಲ ಪಾಲು ಮಾಡಿದಂಗ” ಎಂದ. “ದೊಡ್ಡಾಂವ ಭಾಗ ಮಾಡಬೇಕು, ಸಣ್ಣಾಂವ ಆರಿಸಬೇಕು. ಅಪ್ಪಗ ಇದು ಹೊಳೀಲಿಲ್ಲ ನೋಡು. ಬರಿ ಧಮ್ಮಶೀಲಾ.”

ಬರೆದಳು. ಇಬ್ಬರೂ ಸಹಿ ಹಾಕಿದರು. ಲೀಸಿನ ಠರಾವನ್ನು ಬೇರೆ ಹಾಳೆಗೆ ಇಳಿಸಿ, ಸ್ಕ್ಯಾನು ಮಾಡಿ, ಅರ್ಜಿಗೆ ಹಚ್ಚಿ ಕಳಿಸಿದಳು. ನಾಲ್ಕು ಮೂವತ್ತೆಂಟಕ್ಕೆ ರಸೀದಿ ಬಂತು. ಅದರ ಪ್ರಿಂಟು ತೆಗೆದು ಇಬ್ಬರ ನಡುವೆ ಇಟ್ಟಳು, ಡ್ರಾವರಿನ ಕೀಲಿ ಅದರ ಮೇಲಿಟ್ಟಳು, ಊಟದ ಡಬ್ಬಿ ಚೀಲಕ್ಕೆ ಹಾಕಿಕೊಂಡಳು.

ದೇವಿದಾಸನ ಸಿಟ್ಟು ಅಷ್ಟರಲ್ಲಿ ಇಳಿದಿತ್ತು. ತೆರೆದಿದ್ದ ಪುಸ್ತಕದ ಮೇಲೆ ಬೆರಳಾಡಿಸುತ್ತ ಕೂತಿದ್ದ. “ತಡಿ” ಎಂದ. “ಒಂದನೇದರಾಗ ಇಷ್ಟು ಕೆಟ್ಟದಾಗಿ ಬ್ಯಾಡ. ‘ಸ್ವಂತ ಕಾರಣಕ್ಕ ಕೆಲಸ ಬಿಟ್ಟಾಳ’ ಅಂತ ಬ್ಯಾರೆ ಬರಿ. ನಾಳಿಗಿ ನಿನಗ ಇನ್ನೊಂದು ಕಡಿ ಕೆಲಸ ಸಿಗಬೇಕಲ್ಲ.” ಅಂಬರೀಶನೂ ನೆಲ ನೋಡುತ್ತ ಹೂಂ ಎಂದ.

ಧಮ್ಮಶೀಲಾ ಪುಸ್ತಕವನ್ನು ನೋಡಿದಳು. ತನ್ನದೇ ಅಕ್ಷರ, ದುಂಡಗೆ, ಸಾಲಾಗಿ.

“ಬ್ಯಾಡ್ರಿ ಸಾವಕಾರ್ರ” ಎಂದಳು. “ಆರು ವರ್ಷದಾಗ ಇವತ್ತೊಂದ ದಿನ ನೀವು ಅಂದಿದ್ದು ಅಂದಂಗ ಬರ್ದೀನಿ. ಅದೊಂದು ಹಂಗ ಇರ್ಲಿ.”

ಪುಸ್ತಕ ಮುಚ್ಚಿ ಹೊರಗೆ ಬಂದಳು.

ಮೆಟ್ಟಿಲ ಮೇಲೆ ಸಾಯಪ್ಪ ದಡಬಡಿಸಿ ಎದ್ದ. “ಏನಾತಕ್ಕಾ?”

“ಲೀಸು ಆತು.”

“ಮತ್ತ ನೀ ಯಾಕ ಹಿಂಗ ಅದಿ?”

“ಏನಿಲ್ಲ. ಶೆಡ್ಡಿನ್ಯಾಗ ಚೂರುಪಾರು ಉಳಿದ ಫರ್ಶಿ ಅದಾವಲ್ಲ, ಮಶೀನ್ ಚಾಲೂ ಮಾಡು.”

ಹೆಂಗಸರು ಬೇವಿನ ಮರದಿಂದ ಎದ್ದು ಸೆರಗು ಸಿಕ್ಕಿಸಿಕೊಳ್ಳುತ್ತ ಶೆಡ್ಡಿನ ಕಡೆ ಓಡಿದರು. ಯಾರೂ ಅವಳನ್ನು ಇನ್ನೇನೂ ಕೇಳಲಿಲ್ಲ, ಕೇಳುವ ಪುರಸೊತ್ತು ಅವರಿಗೆಲ್ಲಿ? ಅವಳು ಗೇಟು ದಾಟಿ ರಸ್ತೆಯ ಆಚೆ ಬಸ್ಸಿಗೆ ನಿಂತಳು. ಪಡಸಾಲೆಯಿಂದ ಇಬ್ಬರು ಗಂಡಸರ ದನಿ ಏರುತ್ತ ಬಂತು, ಮತ್ತೆ ಯಾವುದಕ್ಕೋ ಜಗಳ ಹತ್ತಿತ್ತು. ಅವಳ ಕಾಲು ತಾನಾಗಿಯೇ ಒಂದು ಹೆಜ್ಜೆ ಆ ಕಡೆ ಇಟ್ಟಿತು.

ಅಷ್ಟರಲ್ಲಿ ಮಶೀನುಗಳು ಗರ್ರೆಂದು ಶುರುವಾದವು. ಅವರು ಏನನ್ನುತ್ತಿದ್ದರೋ ಕೇಳಿಸಲಿಲ್ಲ. ಕೇಳುವ ಕೆಲಸವೂ ಈಗ ಅವಳದಲ್ಲ. ಬಶೀರಾಬಾದ್ ಬಸ್ಸು ಬಂತು, ಹತ್ತಿ ಕಿಟಕಿಯ ಪಕ್ಕ ಕೂತಳು.